ಅರಮನೆ ಕೋಣೆಯ ಮೊದಲ ನೋಟ

ರಾಯಚೂರು
೧೨ ಜೂನ್ ೨೦೨೩

ದೇವದುರ್ಗದ ಕುಂಚ ಸಾಮ್ರಾಟ ಅಯ್ಯಪ್ಪನಿಗೆ ವಿರೂಪಣ್ಣ ಹೊರಡಿಸಿದ ಆಜ್ಞೆ ಏನೆಂದರೆ,

ಕೂತಿದ್ದರೆ ಏಳು, ಎದ್ದಿದ್ದರೆ ಕೂತುಕೋ. ನಾನು ಹೋಟೆಲು ಕೊಂಡೆ. ಇಪ್ಪತ್ತೇಳು ವರ್ಷ ಮುಖಕ್ಕೆ ಬಣ್ಣ ಬಳಿದುಕೊಂಡು ರಾಜನಾಗಿ ಮೆರೆದು, ಆಟ ಮುಗಿದ ಮೇಲೆ ಟೆಂಟಿನ ಹಿಂದೆ ಚಾಪೆಯ ಮೇಲೆ ಬಿದ್ದುಕೊಂಡವನು, ಈಗ ಊರೂರಿನ ಜನರನ್ನು ಮಂಚದ ಮೇಲೆ ಮಲಗಿಸಲು ಹೊರಟಿದ್ದೇನೆ. ಗಿರಣಿಯಲ್ಲಿದ್ದ ನನ್ನ ಪಾಲನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟು, ಕೋಟೆ ಹತ್ತಿರ ನಿಜಾಮರ ಕಾಲದ ಒಬ್ಬ ವಕೀಲರ ಹವೇಲಿ ಹಿಡಿದಿದ್ದೇನೆ. ಆರೇ ಕೋಣೆ. ಲಾಡ್ಜು ಅಂದೀಯಾ, ಜೋಕೆ. ಹೈದರಾಬಾದಿನಿಂದ ಬಂದ ಎಂಜಿನಿಯರ್ ಇದಕ್ಕೆ ಬುಟೀಕ್ ಹೋಟೆಲ್ ಅನ್ನುತ್ತಾರೆ ಅಂದ. ಕೋಣೆ ಕಮ್ಮಿ, ಸೊಗಸು ಜಾಸ್ತಿ. ಹೆಸರು ‘ರಂಗಮಹಲ್’.

ಸೊಗಸು ಎಲ್ಲಿಂದ ತರಲಿ? ನಮ್ಮ ನಾಟಕ ಕಂಪನಿ ಮುಚ್ಚಿದ ಮೇಲೆ ನೀನು ಬರೆದ ಪರದೆಗಳನ್ನು ಸುತ್ತಿ ಅಟ್ಟದ ಮೇಲಿಟ್ಟಿದ್ದೆನಲ್ಲ, ಅವನ್ನು ಇಳಿಸಿದೆ. ಕಾಡು, ಬೀದಿ, ತೋಟ, ಆಶ್ರಮ, ಸೆರೆಮನೆ ಉಳಿದಿವೆ. ಒಂದೊಂದು ಕೋಣೆಯ ಗೋಡೆಗೆ ಒಂದೊಂದು. ಅರಮನೆಯನ್ನು ಮಾತ್ರ ಇಲಿಗಳು ತಿಂದಿವೆ. ರಾಜನಿಲ್ಲದ ನಾಟಕ ಇರಬಹುದು, ಅರಮನೆಯಿಲ್ಲದ ಕಂಪನಿ ಎಲ್ಲಿದೆ? ಬರೆದುಕೊಡು. ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಎತ್ತರ.

ನಮ್ಮ ದಸ್ತೂರು ನೆನಪಿದೆಯಲ್ಲ? ಹೊಸ ಪರದೆಯನ್ನು ಟಿಕೆಟ್ ಕೊಂಡವನು ನೋಡುವ ಮೊದಲು ಬರೆದವನು ನೋಡಬೇಕು. ಮುಂದೆ ಒಂದೇ ಕುರ್ಚಿ ಹಾಕಿ, ಅವನನ್ನು ಕೂರಿಸಿ, ಅವನೊಬ್ಬನಿಗಾಗಿ ಪರದೆ ಬಿಡುತ್ತಿದ್ದೆವು. ಆ ಮೊದಲ ನೋಟ ನಿನ್ನದು. ಆ ಕೋಣೆಯ ಮಂಚದ ಮೇಲೆ ಮೊದಲು ಮೈ ಚಾಚುವವನೂ ನೀನೇ. ಇದು ವಿರೂಪಣ್ಣನ ನಾಲಿಗೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬರೀ ಡೈಲಾಗು ಹೊಡೆಯುತ್ತೇನೆ, ಕಾಗದದಲ್ಲಿ ಸಿಕ್ಕಿಬೀಳುತ್ತೇನೆ ಅಂತ ಅಂದವನು ನೀನೇ ಅಲ್ಲವೇ? ತಗೋ, ಸಿಕ್ಕಿಬಿದ್ದಿದ್ದೇನೆ.

ನಿನ್ನ
ವಿರೂಪಣ್ಣ

•

ದೇವದುರ್ಗ
೨೯ ಜೂನ್ ೨೦೨೩

ವಿರೂಪಣ್ಣ,

ಕಾಗದ ಮುಟ್ಟಿತು. ಹವೇಲಿಯ ವಿಷಯ ಓದಿ ನಗು ಬಂತು. ಕ್ಯಾಂಪಿನಲ್ಲಿ ಒಂದು ದಿನವಾದರೂ ನಿನ್ನ ಹಾಸಿಗೆಯನ್ನು ನೀನು ಸುತ್ತಿಟ್ಟವನಲ್ಲ. ಇನ್ನು ಆರು ಕೋಣೆಯ ಹಾಸಿಗೆ ಸುತ್ತು.

ಅರಮನೆ ಬರೆಯುತ್ತೇನೆ. ಕೂಲಿ ಬೇಡ. ಮೊದಲ ನೋಟ ಸಾಕು. ಆದರೆ ಒಂದು ಮಾತು ಕೇಳಬೇಕು. ಪರದೆಗೂ ಕುರ್ಚಿಗೂ ನಡುವೆ ಎಷ್ಟು ದೂರ ಸಿಗುತ್ತದೆ? ನನಗೆ ಮೂವತ್ತು ಅಡಿ ಬೇಕು. ಕಡಿಮೆಯಾದರೆ ಆಗುವುದಿಲ್ಲ.

ಹಗಲು ಹೊತ್ತಿನಲ್ಲಿ ಅಂಗಳದಲ್ಲಿ ಬಟ್ಟೆ ಹಾಸಿಕೊಂಡು ಬರೆಯುತ್ತೇನೆ. ಹಾಗಾಗಿ ತಡವಾಗುತ್ತದೆ. ಅವಸರ ಮಾಡಬೇಡ. ಮಗಳು ಶಶಿಕಲಾ ಮಾನ್ವಿಯ ಶಾಲೆಯಲ್ಲೇ ಇದ್ದಾಳೆ, ವಾರಕ್ಕೊಮ್ಮೆ ಬಂದು ನನ್ನ ಮೇಲೆ ಮೇಷ್ಟ್ರಗಿರಿ ಮಾಡಿ ಹೋಗುತ್ತಾಳೆ.

ಸಾಲು ಡೊಂಕಾಗಿದ್ದರೆ ಸೈರಿಸಿಕೋ.

ಅಯ್ಯಪ್ಪ

•

ರಾಯಚೂರು
೬ ಆಗಸ್ಟ್ ೨೦೨೩

ಅಯ್ಯಪ್ಪಾ,

ಮೂವತ್ತು ಅಡಿಯಂತೆ ಮೂವತ್ತು ಅಡಿ. ಇದೇನು ಥೇಟರೇ? ಕೋಣೆಯ ಉದ್ದವೇ ಹದಿನಾರು. ವಯಸ್ಸಾದಂತೆ ಕಲಾವಿದನ ಗತ್ತು ಏರುತ್ತದಂತೆ. ಇರಲಿ, ನಿನ್ನ ಗತ್ತಿಗೂ ದಾರಿ ಹುಡುಕಿದೆ. ಅರಮನೆ ಕೋಣೆಯ ಬಾಗಿಲು ಎರಡು ಕದದ್ದು, ದೊಡ್ಡದು. ಎರಡನ್ನೂ ತೆರೆದು, ಪಡಸಾಲೆಯ ಈ ತುದಿಯಲ್ಲಿ ಕುರ್ಚಿ ಹಾಕಿದರೆ ಸರಿಯಾಗಿ ಮೂವತ್ತೊಂದು ಅಡಿ. ಗಡಿಗೆಪ್ಪನ ಕೈಯಲ್ಲಿ ಅಳೆಸಿದೆ. ಮಾನ್ವಿಯ ಬಡಿಗ ಗಡಿಗೆಪ್ಪ, ಕಂಪನಿಯಲ್ಲಿ ನಮಗೆ ಸಿಂಹಾಸನ ಮಾಡಿಕೊಟ್ಟವನ ಮಗ. ಈಗ ನನ್ನ ಮಂಚಗಳನ್ನು ಮಾಡುತ್ತಿದ್ದಾನೆ.

ಹೊಸಬನ ಪಾಡು ಕೇಳು. ಹಾಸಿಗೆ ಕೊಂಡೆ, ಮಂಚಕ್ಕಿಂತ ಗೇಣು ಉದ್ದ ಬಂತು. ಗೀಸರ್ ಹಾಕಿಸಿದೆ. ಈ ಊರಿನಲ್ಲಿ ತಣ್ಣೀರ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ ಎಂದು ಆಮೇಲೆ ಹೊಳೆಯಿತು. ಶಕ್ತಿನಗರದಿಂದ ಇಬ್ಬರು ಎಂಜಿನಿಯರುಗಳು ಕೋಣೆ ನೋಡಲು ಬಂದರು. ಕಾಡಿನ ಕೋಣೆಯಲ್ಲಿ ನಿನ್ನ ಹುಲಿಯನ್ನು ನೋಡಿ ಒಬ್ಬ, ಇದು ಎ.ಸಿ. ಹಾಕುವ ಜಾಗದಲ್ಲೇ ಇದೆಯಲ್ಲ ಎಂದ. ಇನ್ನೊಬ್ಬ ಸೆರೆಮನೆಯ ಮುಂದೆ ನಿಂತು, “ಇದಕ್ಕ ರೊಕ್ಕ ಕೊಟ್ಟು ಯಾರು ಮಲಗ್ತಾರ್ರೀ, ಪೊಲೀಸರು ಪುಕ್ಕಟೆ ಮಲಗಸ್ತಾರಲ್ಲ” ಎಂದ. ನಕ್ಕೆ. ಆದರೆ ಆ ಕೋಣೆಗೆ ಮಂಚ ಹಾಕಿಸಲಿಲ್ಲ. ಮುರಿದ ಸಾಮಾನು ಇಡಲಿಕ್ಕಾಯಿತು.

ಈಗ ನಿನ್ನ ಮೇಲಿನ ಆರೋಪ. ಕಾಗದ ನೋಡಿದೆ. ಸಾಲುಗಳು ಎಡದಿಂದ ಹೊರಟು ನೆಲಮಾಳಿಗೆಗೆ ಇಳಿದಿವೆ. ಒಂದರ ಮೇಲೊಂದು ಹತ್ತಿ ಕೂತಿವೆ. ಲೇ, ಮತ್ತೆ ಶುರು ಮಾಡಿದಿಯೇನು? ಕವಿತಾಳದ ಕ್ಯಾಂಪಿನಲ್ಲಿ ಸೇಂದಿ ಕುಡಿದು ಏಣಿಯಿಂದ ಬಿದ್ದು, ಆಕಾಶ ಬರೆಯಬೇಕಾದ ನೀಲಿಯನ್ನೆಲ್ಲ ನನ್ನ ಕಿರೀಟದ ಮೇಲೆ ಸುರಿದವನು ನೀನು. ಗೆಳೆಯರಿಗೆಲ್ಲ ನಿನ್ನ ಕಾಗದ ತೋರಿಸಿದೆ, ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ವಿರೂಪಣ್ಣ

•

ದೇವದುರ್ಗ
೨೪ ಸೆಪ್ಟೆಂಬರ್ ೨೦೨೩

ವಿರೂಪಣ್ಣ,

ಅರಮನೆ ಮುಗಿಯಿತು. ಗಡಿಗೆಪ್ಪ ಬಂದು ಒಯ್ದಿದ್ದಾನೆ. ಗಬ್ಬೂರಿನ ತನಕ ರಸ್ತೆ ಕೆಟ್ಟಿದೆ, ಅಲ್ಲಿಯವರೆಗೆ ಟೆಂಪೋದಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಳ್ಳಲು ಹೇಳಿದ್ದೇನೆ, ಆಮೇಲೆ ಅವನಿಷ್ಟ.

ಕುಡಿತದ ಮಾತು. ೨೦೦೧ರಲ್ಲಿ ಮಾನ್ವಿಯಲ್ಲಿ ದೀಕ್ಷೆ ತಗೊಂಡ ದಿನ ಬುದ್ಧನ ಮುಂದೆ ಐದು ಮಾತು ಕೊಟ್ಟೆ. ಐದನೆಯದು ಕುಡಿಯುವುದಿಲ್ಲ ಅನ್ನುವುದು. ನೀನೂ ಬಂದಿದ್ದೆ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಇಲ್ಲಿ ಚಪ್ಪಾಳೆ ತಟ್ಟುವುದಿಲ್ಲ ಅಂತ ಯಾರೋ ನಿನ್ನ ಕೈ ಹಿಡಿದರು. ಇಪ್ಪತ್ತೆರಡು ವರ್ಷವಾಯಿತು, ನಾಲ್ಕು ಮಾತಿನಲ್ಲಿ ಹೆಚ್ಚುಕಡಿಮೆ ಆಗಿರಬಹುದು. ಐದನೆಯದರಲ್ಲಿ ಇಲ್ಲ. ಡೊಂಕು ವಯಸ್ಸಿನದು, ಅಷ್ಟೇ. ಗೆಳೆಯರಿಗೆ ತೋರಿಸಿದ್ದು ನನಗೆ ಸೇರಲಿಲ್ಲ.

ಈ ಪರದೆಯನ್ನು ಗೇಣು ಗೇಣಾಗಿ ಬರೆದೆ. ಒಂದು ಕಂಬ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಮೊದಲಿನದರ ಬಣ್ಣ ನೆನಪಿಟ್ಟುಕೊಂಡು ಹೋದೆ. ಇಡೀ ಅರಮನೆಯನ್ನು ನಾನಿನ್ನೂ ನೋಡಿಲ್ಲ. ನನ್ನ ಅಂಗಳದಲ್ಲಿ ಅಷ್ಟು ಜಾಗವಿಲ್ಲ. ಕಂಬಗಳು ಒಂದಕ್ಕೊಂದು ಕೂಡಿವೆಯೋ, ಕಮಾನು ಎರಡೂ ಕಡೆ ಸಮವಾಗಿ ಇಳಿದಿದೆಯೋ, ನಿನ್ನ ಪಡಸಾಲೆಯಲ್ಲಿ ಕೂತ ಮೇಲೇ ಗೊತ್ತಾಗಬೇಕು. ನಾನು ಬರೆದ ಎಲ್ಲದರಲ್ಲಿ ಇದನ್ನೊಂದನ್ನು ಇಡಿಯಾಗಿ ನೋಡಬೇಕು ಅಂತ ಆಸೆಯಿದೆ. ಬೇರೆ ಆಸೆ ಇಲ್ಲ.

ಹಗಲಿರುವಾಗ ತೋರಿಸು. ಮಧ್ಯಾಹ್ನ ಮೂರರೊಳಗೆ. ಸಂಜೆಯ ದೀಪದಲ್ಲಿ ಬೇಡ.

ಶಶಿಕಲಾ ಫೋನು ಮಾಡಿ ಏನಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಅವಳಿಗೆ ಎಲ್ಲ ದೊಡ್ಡದು ಮಾಡುವ ಚಟ.

ಅಯ್ಯಪ್ಪ

•

ರಾಯಚೂರು
೧೪ ಅಕ್ಟೋಬರ್ ೨೦೨೩

ಅಯ್ಯಪ್ಪಾ,

ವಿಜಯದಶಮಿಯ ದಿನ ರಂಗಮಹಲಿನ ಬಾಗಿಲು ತೆರೆಯುತ್ತೇನೆ. ಇಪ್ಪತ್ನಾಲ್ಕು, ಮಂಗಳವಾರ. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಪರದೆಯನ್ನು ತೂಗುಹಾಕಿ ಮೇಲೆ ಕೆಂಪು ಬಟ್ಟೆ ಮುಚ್ಚಿದ್ದೇನೆ. ನಾನೂ ನೋಡಿಲ್ಲ. ದಸ್ತೂರು ಅಂದರೆ ದಸ್ತೂರು.

ದೊಡ್ಡವರು ಕೆಲವರು ಬರುತ್ತಾರೆ. ನಮ್ಮ ಬಸವಲಿಂಗಪ್ಪನವರು ಎರಡು ಅಕ್ಕಿ ಗಿರಣಿಗಳ ಮಾಲೀಕರು, ಅವರ ವ್ಯಾಪಾರದವರೆಲ್ಲ ಇನ್ನು ಇಲ್ಲೇ ಇಳಿಯುವ ಮಾತಾಗಿದೆ. ಹೋಟೆಲು ಉಳಿಯಬೇಕಾದರೆ ಇಂಥವರ ಕೃಪೆ ಬೇಕು. ಕೋಣೆ ಯಾವುದು, ಯಾರಿಗೆ ಎಂಬುದನ್ನೆಲ್ಲ ಇಲ್ಲಿ ನೋಡೋಣ. ನೀನು ಬಾ. ಒಳ್ಳೆಯ ಬಟ್ಟೆ ಹಾಕಿಕೊಂಡು ಬಾ.

ವಿರೂಪಣ್ಣ

•

ರಾಯಚೂರು
೨೭ ಅಕ್ಟೋಬರ್ ೨೦೨೩

ಅಯ್ಯಪ್ಪನಿಗೆ,

ಯಾವ ಬಾಯಿಂದ ನಿನ್ನನ್ನು ಗೆಳೆಯ ಎನ್ನಲಿ? ನೂರು ಜನ ಸೇರಿದ ಅಂಗಳ, ಚೆಂಡು ಹೂವಿನ ತೋರಣ, ಶಹನಾಯಿಯ ನಾದ. ಮೂರಕ್ಕೆ ಇನ್ನೂ ಹತ್ತು ನಿಮಿಷ. ಆಗ ಪ್ರವೇಶ ಯಾರದು? ಹೊಸ್ತಿಲು ಎಡವಿ, ಜಮಖಾನೆಯಲ್ಲಿ ಕಾಲು ಸಿಕ್ಕಿಸಿಕೊಂಡು, ಗುಲಾಬಿ ನೀರಿನ ತಟ್ಟೆಯ ಮೇಲೆ ಕವುಚಿ, ಅದನ್ನು ಬಸವಲಿಂಗಪ್ಪನವರ ಧೋತರದ ಮೇಲೆ ಎರಚಿದ ಮಹಾಪುರುಷನದು. ಎತ್ತಲು ಬಂದವನನ್ನು ಬಿಟ್ಟು ನೀನು ಕಂಬಕ್ಕೆ ಕೈಮುಗಿದೆ. ಊರೆಲ್ಲ ನಕ್ಕಿತು. ಬಾಯಿಂದ ವಾಸನೆ ಘಮ್ಮೆಂದು ಹೊಡೆಯುತ್ತಿತ್ತು. ಬುದ್ಧನ ಮುಂದೆ ಕೊಟ್ಟ ಮಾತು ಎಲ್ಲಿ ಹೋಯಿತು?

ಆದರೂ ನಿನ್ನ ಮರ್ಯಾದೆ ಕಾಯ್ದೆ. ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ಕೂರಿಸಿ, ತಣ್ಣಗಾದ ಮೇಲೆ ಊರಿಗೆ ಕಳಿಸುವ ಏರ್ಪಾಡು ಮಾಡಿದೆ. ಹೇಳದೆ ಕೇಳದೆ ಎದ್ದುಹೋದೆಯಂತೆ. ಮೊದಲ ನೋಟ ಕಳೆದುಕೊಂಡವನು ನೀನು. ನಾನು ಕಸಿದುಕೊಳ್ಳಲಿಲ್ಲ. ಇದನ್ನು ನೆನಪಿಡು.

ವಿರೂಪಣ್ಣ

•

ರಾಯಚೂರು
೩ ಡಿಸೆಂಬರ್ ೨೦೨೩

ಅಯ್ಯಪ್ಪಾ,

ಐದು ವಾರವಾಯಿತು. ಒಂದು ಸಾಲು ಇಲ್ಲ. ಸಿಟ್ಟಿನಲ್ಲಿ ನಾನು ನಾಲ್ಕು ಮಾತು ಆಡಿರಬಹುದು. ಕಂಪನಿಯಲ್ಲಿ ಇದಕ್ಕಿಂತ ಹೆಚ್ಚು ಬೈದುಕೊಂಡು ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದವರಲ್ಲವೇ ನಾವು?

ಹೋಟೆಲು ಭರ್ಜರಿ ನಡೆದಿದೆ. ಬಸವಲಿಂಗಪ್ಪನವರ ಕಡೆಯವರು ಬರುತ್ತಲೇ ಇದ್ದಾರೆ. ಅರಮನೆ ಕೋಣೆಯನ್ನು ಅವರಿಗೇ ಮೀಸಲಿಟ್ಟಿದ್ದೇನೆ. ನಿನ್ನ ಪರದೆಯನ್ನು ನೋಡಿ ಎಲ್ಲರೂ ಬೆರಗಾಗುತ್ತಾರೆ. ಕಂಬಗಳು ಕೂಡಿವೆ, ಕಮಾನು ಸಮವಾಗಿದೆ. ಸಾಕೇ?

ಅಡುಗೆ ಮನೆ ನೋಡಿಕೊಳ್ಳುತ್ತಿದ್ದ ಮುಸರ್ರತ್ ಕೆಲಸ ಬಿಟ್ಟಳು. ಕಾರಣ ಹೇಳಲಿಲ್ಲ. ಒಳ್ಳೆಯ ಹೆಂಗಸು. ಈಗಿನ ಅಡುಗೆಯವನ ಸಾರು ಕುಡಿದರೆ ನಿನ್ನ ಕಾಡಿನ ಹುಲಿಯೂ ಪರದೆ ಬಿಟ್ಟು ಓಡುತ್ತದೆ. ನಕ್ಕೆಯಾ? ನಕ್ಕಿದ್ದರೆ ಬರೆ.

ವಿರೂಪಣ್ಣ

•

ದೇವದುರ್ಗ
೮ ಜನವರಿ ೨೦೨೪

ವಿರೂಪಣ್ಣನವರಿಗೆ ಅಯ್ಯಪ್ಪನ ನಮಸ್ಕಾರಗಳು.

ಅಕ್ಷರ ಶಶಿಕಲಾಳದು, ಮಾತು ನನ್ನದು. ಸಾಲುಗಳು ನೆಟ್ಟಗಿವೆ, ಗೆಳೆಯರಿಗೆ ಇದನ್ನೂ ತೋರಿಸಬಹುದು.

ಕಳೆದ ವರ್ಷ ಯುಗಾದಿಯ ಹೊತ್ತಿಗೆ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ ಎಂದರು. ಸುತ್ತಲಿಂದ ಕತ್ತಲೆ ಒತ್ತರಿಸಿಕೊಂಡು ಬರುವ ರೋಗ. ನಡುವೆ ಒಂದು ಕಿಂಡಿ ಉಳಿಯುತ್ತದೆ. ಹತ್ತಿರದ್ದು ನೋಡಿದರೆ ಆ ಕಿಂಡಿಯಲ್ಲಿ ಒಂದು ಗೇಣು ಕಾಣುತ್ತದೆ. ದೂರ ಸರಿದಷ್ಟೂ ಹೆಚ್ಚು ಹಿಡಿಸುತ್ತದೆ. ಲೆಕ್ಕ ಹಾಕಿದೆ. ಹನ್ನೆರಡು ಅಡಿಯ ಅರಮನೆ ಆ ಕಿಂಡಿಯೊಳಗೆ ಬರಬೇಕಾದರೆ ಮೂವತ್ತು ಅಡಿ ಬೇಕು. ಗತ್ತಲ್ಲ, ಅದು ಅಳತೆ. ಅಕ್ಟೋಬರಿನ ತನಕ ಕಿಂಡಿ ಇರುತ್ತದೆ ಅಂದಿದ್ದರು ಡಾಕ್ಟರು. ಇತ್ತು.

ನಿಮಗೆ ಮೊದಲೇ ಹೇಳಬಹುದಿತ್ತು. ಹೇಳಿದರೆ, ಪಾಪ ಎಂದು ಬೇರೆಯವನ ಕೈಯಲ್ಲಿ ಬರೆಸುತ್ತಿದ್ದಿರಿ. ಅದು ನನ್ನ ತಪ್ಪು, ಒಪ್ಪುತ್ತೇನೆ. ಶಶಿಕಲಾ ಜೊತೆಗೆ ಬರುತ್ತೇನೆ ಎಂದು ಅತ್ತಳು. ಗೆಳೆಯನ ಬಾಗಿಲಿಗೆ ಮಗಳ ಕೈ ಹಿಡಿದು ಹೋಗಬಾರದು ಅಂತ ಬಿಟ್ಟು ಬಂದೆ. ಬಸ್ ಸ್ಟ್ಯಾಂಡಿಗೆ ನೀವು ಬರುತ್ತೀರಿ ಅಂದಿದ್ದಿರಲ್ಲ. ಒಂದು ಗಂಟೆ ನಿಂತೆ. ಆಮೇಲೆ ಆಟೋದವನನ್ನು ಕೇಳಿಕೊಂಡು ಬಂದೆ.

ನೀವು ನನ್ನನ್ನು ಕೂರಿಸಿದ್ದು ವಿಶ್ರಾಂತಿ ಕೋಣೆಯಲ್ಲಿ ಅಂತ ಬರೆದಿದ್ದೀರಿ. ಮಂಚ ಇರಲಿಲ್ಲ. ಮುರಿದ ಕುರ್ಚಿಗಳಿದ್ದವು. ಹೊರಗಿನಿಂದ ಚಿಲಕ ಬಿದ್ದದ್ದು ಕೇಳಿಸಿತು. ಕಿಟಕಿ ಇಲ್ಲದ್ದರಿಂದ ನನ್ನ ಕಿಂಡಿಗೆ ಅಲ್ಲಿ ಕೆಲಸ ಇರಲಿಲ್ಲ. ಗೋಡೆ ಹಿಡಿದು ಸವರುತ್ತ ಹೋದೆ. ಬಟ್ಟೆ ಸಿಕ್ಕಿತು. ಬಟ್ಟೆಯ ಮೇಲೆ ಉಬ್ಬಿದ ಉದ್ದ ಗೆರೆ ಸಿಕ್ಕಿತು. ಒಂದು, ಎರಡು, ಒಂಬತ್ತು. ೧೯೮೯ರಲ್ಲಿ ಡಾಂಬರು ಬೆರೆಸಿ ಆ ಸರಳುಗಳನ್ನು ಬಳಿದವನು ನಾನೇ. ಹಿಂದಿನ ಸಾಲಿನವರಿಗೂ ಕಬ್ಬಿಣ ಅನ್ನಿಸಬೇಕು ಎಂದು ನೀವೇ ಹೇಳಿದ್ದಿರಿ. ಅನ್ನಿಸಿತು.

ಹೊರಗೆ ಮೂರು ಗಂಟೆಗೆ ಚಪ್ಪಾಳೆ ಕೇಳಿಸಿತು. ಪರದೆ ಬಿಟ್ಟಿರಿ ಅಂತ ತಿಳಿಯಿತು. ಆ ಕುರ್ಚಿಯಲ್ಲಿ ಯಾರು ಕೂತಿದ್ದರು, ನಾನು ಕೇಳುವುದಿಲ್ಲ.

ಚಿಲಕ ತೆಗೆದು, ನೀರು ಕೊಟ್ಟು, ದೇವದುರ್ಗದ ಬಸ್ಸಿನಲ್ಲಿ ಕೂರಿಸಿದ್ದು ಒಬ್ಬ ಹೆಂಗಸು. ಹೆಸರು ಕೇಳುವುದು ಮರೆತಿದ್ದೆ. ನಿಮ್ಮ ಹಿಂದಿನ ಕಾಗದದಿಂದ ಗೊತ್ತಾಯಿತು.

ವಾಸನೆಯ ಮಾತಿಗೆ ಉತ್ತರ ಕೊಡುವುದಿಲ್ಲ. ನಿಮಗೆ ಒಂದು ಕಾರಣ ಬೇಕಿತ್ತು. ಕುಡಿತ ಕೈಗೆ ಸಿಕ್ಕಿತು. ಇನ್ನೊಂದು ಕಾರಣ ನಾಲಿಗೆಗೆ ತಂದುಕೊಳ್ಳುವಂಥದ್ದಲ್ಲ.

ಸಂಕ್ರಾಂತಿಗೆ ಮೊದಲೇ ಕಿಂಡಿ ಮುಚ್ಚಿತು.

ಅಯ್ಯಪ್ಪ

•

ರಾಯಚೂರು
೧೭ ಜನವರಿ ೨೦೨೪

ಅಯ್ಯಪ್ಪ,

ಇದನ್ನು ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ನಾನು ಚೆನ್ನಾಗಿ ಅಳುತ್ತಿದ್ದೆ. ನಾಟಕದ ಅಳು. ಅದಕ್ಕೇ ಹರಿದೆ. ಈಗ ನಡೆದದ್ದು ಮಾತ್ರ ಬರೆಯುತ್ತೇನೆ. ಶಶಿಕಲಾ, ನಿಲ್ಲಿಸದೆ ಓದಮ್ಮ.

ವಾಸನೆ ಇರಲಿಲ್ಲ. ನಿನ್ನನ್ನು ಎತ್ತಿದವನು ನಾನೇ. ನಿನ್ನ ಮುಖ ನನ್ನ ಮುಖದ ಹತ್ತಿರವಿತ್ತು. ಎಣ್ಣೆ ಬಣ್ಣದ ವಾಸನೆ ಇತ್ತು, ಅಷ್ಟೇ.

ಬಸವಲಿಂಗಪ್ಪ ಧೋತರ ಒರೆಸಿಕೊಳ್ಳುತ್ತ, “ಯಾರ್ರೀ ಇಂವ?” ಎಂದ. ಈ ಪರದೆ ಬರೆದವನು, ನನ್ನ ತಮ್ಮ ಇದ್ದ ಹಾಗೆ, ಆ ಕುರ್ಚಿ ಇವನದು ಅಂತ ಹೇಳಬೇಕಿತ್ತು. ಜೀವನವೆಲ್ಲ ಉದ್ದುದ್ದ ಮಾತು ಒಪ್ಪಿಸಿದ ನನಗೆ ಅಷ್ಟು ಮಾತು ಹೊರಡಲಿಲ್ಲ. “ನಮ್ಮ ಕಂಪನಿಯಾಗ ಬಣ್ಣ ಹಚ್ಚತಿದ್ದನ್ರೀ, ಸ್ವಲ್ಪ ಕುಡೀತಾನ” ಎಂದೆ. ನಿನ್ನ ಡೊಂಕು ಕಾಗದ ನೋಡಿ ನಕ್ಕಿದ್ದ ಗೆಳೆಯರು ಅಲ್ಲೇ ಇದ್ದರು. ಹೌದೌದು ಎಂದರು. ಅಷ್ಟು ಸುಲಭವಾಗಿತ್ತು.

ಅದಕ್ಕೂ ಮೊದಲಿನದು ಕೇಳು. ಅಕ್ಟೋಬರ್ ಹತ್ತರಂದೇ ಬಸವಲಿಂಗಪ್ಪ ಅರಮನೆ ಕೋಣೆಯಲ್ಲಿ ಮೊದಲು ತಾನೇ ಇಳಿಯಬೇಕು ಅಂದಿದ್ದ. ಬೇರೆಯವರು, ಅದರಲ್ಲೂ ಅಂಥ ಕೇರಿಯವರು, ಮಲಗಿ ಎದ್ದ ಹಾಸಿಗೆ ತನಗೆ ಆಗದು ಎಂದ. ಹೂಂ ಅಂದಿದ್ದೆ. ನಿನಗೆ ಏನು ಹೇಳಲಿ ಅಂತ ಹದಿನಾಲ್ಕು ದಿನ ಯೋಚಿಸಿದೆ. ನೀನು ಎಡವಿದಾಗ ನನಗೆ ಏನನ್ನಿಸಿತು ಗೊತ್ತೇ? ಬಚಾವಾದೆ ಅನ್ನಿಸಿತು. ಬಸ್ ಸ್ಟ್ಯಾಂಡಿಗೆ ಬರದೆ ಇದ್ದದ್ದೂ ಅದಕ್ಕೇ. ಒಬ್ಬನೇ ಬಂದರೆ ದಾರಿ ತಪ್ಪಿ ತಡವಾಗಲಿ ಅಂತ.

ಮುಸರ್ರತ್ ಅಂದೇ ಬಂದು ಹೇಳಿದ್ದಳು. “ಅಣ್ಣಾರ, ಆ ಅಜ್ಜ ಕುಡಿದಿಲ್ಲ. ಕಣ್ಣು ಕಾಣವಲ್ಲವು ಅವರಿಗಿ. ಗ್ವಾಡಿ ಸವರಿ ನೋಡಾಕತ್ತಾರ.” ಮಂದಿ ಊಟಕ್ಕೆ ಕೂತಿದ್ದಾರೆ, ಆಮೇಲೆ ನೋಡೋಣ ಅಂದೆ. ಮೂರು ದಿನ ಬಿಟ್ಟು, ಗೊತ್ತಿದ್ದೂ, ನಿನಗೆ ಆ ಕಾಗದ ಬರೆದೆ. ಗೊತ್ತಿದ್ದೂ.

ಹೋಟೆಲು ನಡೆಯುತ್ತಿಲ್ಲ. ಗಿರಣಿಯವರು ಬಿಟ್ಟರೆ ಯಾರೂ ಬರುವುದಿಲ್ಲ. ಅವರಿಗೆ ಟಿವಿ ಬೇಕೆಂದರು. ಅರಮನೆಯ ಕಳಸದ ಜಾಗದಲ್ಲಿ ಮೊಳೆ ಹೊಡೆದು ತೂಗುಹಾಕಿದ್ದೇನೆ. ಕಂಬಗಳು ಕೂಡಿವೆ ಅಂತ ಬರೆದೆನಲ್ಲ, ನಾನು ಸರಿಯಾಗಿ ನೋಡಿರಲೇ ಇಲ್ಲ. ನಿನ್ನೆ ಟಿವಿ ಕಿತ್ತು, ಪಡಸಾಲೆಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕೂಡಿವೆ, ಅಯ್ಯಪ್ಪ. ಗೇಣು ಗೇಣಾಗಿ ಬರೆದದ್ದು ಅಂತ ಯಾರೂ ಅನ್ನಲಾರರು. ನಡುವೆ ನಾಲ್ಕು ತೂತುಗಳಿವೆ, ಅವು ನನ್ನವು.

ಬಾ. ನಾನೇ ದೇವದುರ್ಗಕ್ಕೆ ಬಂದು ಕರೆತರುತ್ತೇನೆ. ಆ ಕೋಣೆ ನಿನ್ನದು, ಎಷ್ಟು ದಿನ ಬೇಕಾದರೂ. ಪರದೆಯ ಒಂದೊಂದು ಗೇಣನ್ನೂ ನಿನಗೆ ಹೇಳುತ್ತೇನೆ.

ವಿರೂಪಣ್ಣ

•

ದೇವದುರ್ಗ
೫ ಫೆಬ್ರವರಿ ೨೦೨೪

ವಿರೂಪಣ್ಣನವರಿಗೆ,

ಶಶಿಕಲಾ ನಿಲ್ಲಿಸದೆ ಓದಿದಳು.

ನೀವು ಬರುವುದು ಬೇಡ. ನಾನೂ ಬರುವುದಿಲ್ಲ. ಅರಮನೆ ಹೇಗಿದೆ ಎಂದು ನಿಮ್ಮ ಬಾಯಲ್ಲಿ ಕೇಳಿದರೆ ಅದು ನಿಮ್ಮ ಅರಮನೆಯಾಗುತ್ತದೆ. ನನ್ನದು ನನ್ನ ಅಂಗಳದಲ್ಲೇ ಉಳಿದಿದೆ, ಗೇಣು ಗೇಣಾಗಿ. ಟಿವಿಯನ್ನು ಇದ್ದಲ್ಲೇ ಹಾಕಿಬಿಡಿ. ಗಿರಣಿಯವರು ಬೇಸರಿಸಿಕೊಂಡಾರು.

ಮುಸರ್ರತ್ ಅವರ ಮನೆ ಗೊತ್ತಿದ್ದರೆ ತಿಳಿಸಿ. ಅವರಿಗೊಂದು ಕಾಗದ ಬರೆಸಬೇಕು.

ಒಂದು ಕೇಳುವುದಿದೆ. ಸೆರೆಮನೆಯ ಪರದೆಯನ್ನು ಗಡಿಗೆಪ್ಪನ ಕೈಯಲ್ಲಿ ಕಳಿಸಿಕೊಡಿ. ನಿಮಗೆ ಅದರಿಂದ ಉಪಯೋಗವಿಲ್ಲ. ನನ್ನ ಮಂಚದ ಪಕ್ಕದ ಗೋಡೆಗೆ ತೂಗುಹಾಕಿಸುತ್ತೇನೆ. ನಿಮ್ಮ ಹೋಟೆಲಿನಲ್ಲಿ ನಾನು ನೋಡಿದ್ದು ಅದೊಂದೇ.

ಅಯ್ಯಪ್ಪ